ಹಾಲಿಗೆ ಬೆರೆಸಿದ ಪುಡಿ

ಅಪ್ಪನ ಅಕ್ಷರ ಸಣ್ಣದಾಗುತ್ತಿರುವುದನ್ನು ಮೊದಲು ಕಂಡುಹಿಡಿದವನು ಗಲ್ಫಿನಲ್ಲಿ ಕೂತು ಅಪ್ಪನ ಕಾಗದ ಓದುತ್ತಿದ್ದ ಅಣ್ಣ. ಒಂದೇ ಮನೆಯಲ್ಲಿ ಉಣ್ಣುತ್ತಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ. ಬಂಟ್ವಾಳದ ಕಚೇರಿಗಳ ಎದುರು ಕೂತು ವರ್ಷಗಟ್ಟಲೆ ದಸ್ತಾವೇಜು ಬರೆದ ಕೈ ಅದು. ಹುಣಸೆ ಬೀಜ ಜೋಡಿಸಿಟ್ಟ ಹಾಗೆ ದುಂಡಗಿನ ಅಕ್ಷರ.

"ಅಪ್ಪ ಈಗ ಇರುವೆ ಸಾಲು ಬಿಡ್ತಾರೆ, ಓದ್ಲಿಕ್ಕೆ ಆಗುದಿಲ್ಲ," ಎಂದು ಅಣ್ಣ ಫೋನಿನಲ್ಲಿ ನಕ್ಕ. ಆಮೇಲೆ ನಗುವ ಹಾಗಿರಲಿಲ್ಲ. ಬಲಗೈ ನಡುಗತೊಡಗಿತು, ಅಂಗಿಯ ಗುಂಡಿ ಹಾಕಲು ಅರ್ಧ ಬೆಳಗು ಬೇಕಾಯಿತು. ಮೂಡುಬಿದಿರೆಯ ಡಾಕ್ಟರು ಪಾರ್ಕಿನ್‌ಸನ್ ಕಾಯಿಲೆ ಎಂದು ಹೇಳಿ ದಿನಕ್ಕೆ ಮೂರು ಮಾತ್ರೆ ಬರೆದುಕೊಟ್ಟರು. ಅಣ್ಣನಿಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬರೆದದ್ದನ್ನು ಕೊಟ್ಟರೆ ತಿರುಗಿಸಿ ನೋಡಿ ಕೆಳಗಿಡುತ್ತಿದ್ದರು.

"ಎಲ್ಲ ಸರಿ ಉಂಟು. ಆದ್ರೆ ಇದರಲ್ಲಿ ನಾನು ಇಲ್ಲ ಮಾರಾಯ್ತಿ."

ಅಪ್ಪನಿಗೆ ಬೇಕಾಗಿದ್ದದ್ದು ಅಷ್ಟೆ: ಮಗನಿಗೆ ತನ್ನ ಕೈಯಾರೆ ಒಂದು ಕಾಗದ. ನನಗೂ ಅದೇ ಹಟ ಹಿಡಿಯಿತು.

ಇಂಗ್ಲಿಷ್ ಮದ್ದು ಉಷ್ಣ ಎಂಬುದು ನಮ್ಮ ಕಡೆ ಯಾರೂ ಪ್ರಶ್ನೆ ಮಾಡದ ಮಾತು. ಅದಕ್ಕೆ ಮಾತ್ರೆಯನ್ನು ಹಾಲಿನಲ್ಲೇ ಕೊಡಬೇಕು. ನಾನು ಬರೀ ಹಾಲು ಕೊಡಲಿಲ್ಲ. ರಜೆಯಲ್ಲಿ ಊರಿಗೆ ಬರುವವರ ಕೈಯಲ್ಲಿ ಅಣ್ಣ ಕಳಿಸುತ್ತಿದ್ದ ದೊಡ್ಡ ಡಬ್ಬದ ಪ್ರೋಟೀನ್ ಪುಡಿಯನ್ನು ಎರಡು ಚಮಚ ಕದಡಿ ಕೊಟ್ಟೆ. ಡಬ್ಬದ ಮೇಲೆ ತೋಳು ಉಬ್ಬಿಸಿ ನಿಂತ ಪೈಲ್ವಾನನ ಚಿತ್ರವಿತ್ತು. ಬೆಳ್ತಂಗಡಿಯ ಅತ್ತೆ ನಸುಗುನ್ನಿ ಬೀಜದ ಚೂರ್ಣ ತಂದುಕೊಟ್ಟು, "ನರಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ" ಎಂದರು. ಅದಕ್ಕೂ ಒಂದು ಚಮಚ. ಅಪ್ಪ ಮೂಗು ಮುಚ್ಚಿಕೊಂಡು ಎಲ್ಲವನ್ನೂ ಕುಡಿದರು. ಕೆಲವು ದಿನ ಕೈ ಹಗುರಾದಂತೆ ಕಂಡಿತು, ಕೆಲವು ದಿನ ಕುರ್ಚಿಯಿಂದ ಏಳಲೂ ಆಗಲಿಲ್ಲ. ನಾನು ಪುಡಿಯನ್ನು ಇನ್ನೊಂದು ಚಮಚ ಹೆಚ್ಚು ಮಾಡಿದೆ.

ಮುಂದಿನ ಸಲ ಮೂಡುಬಿದಿರೆಗೆ ಹೋದಾಗ ಡಾಕ್ಟರು, "ಮಾತ್ರೆ ಹೇಗೆ ಕೊಡ್ತೀರಿ?" ಎಂದು ಕೇಳಿದರು. ಬಹುಮಾನ ಸಿಗುತ್ತದೆ ಎನ್ನುವ ಹಾಗೆ ನಾನು ಎಲ್ಲವನ್ನೂ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಹಾಲು, ಆ ಪುಡಿ, ಎರಡೂ ಸೇರಿ ಮಾತ್ರೆಯನ್ನು ಒಳಗೆ ಹೋಗ್ಲಿಕ್ಕೆ ಬಿಡುದಿಲ್ಲ. ನೀರಿನಲ್ಲಿ ಕೊಡಿ, ಅರ್ಧ ಗಂಟೆ ಬಿಟ್ಟು ತಿಂಡಿ. ಮತ್ತೆ ಆ ಚೂರ್ಣ. ಮಾತ್ರೆಯಲ್ಲಿ ಇರುವುದೇ ಅದರಲ್ಲೂ ಉಂಟು. ಎರಡೂ ಕೊಟ್ಟರೆ ಎಷ್ಟು ಹೋಯ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ನನಗೆ ಮುಖ ಎತ್ತಲಾಗಲಿಲ್ಲ. ಅಷ್ಟು ತಿಂಗಳು ಅಪ್ಪನ ಕೈಯನ್ನು ಕಟ್ಟಿಹಾಕಿದ್ದು ನಾನೇ, ಅದೂ ಪ್ರೀತಿಯಿಂದ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟೆಲ್ಲ ಅಣ್ಣನ ಕಡೆ ತಿರುಗಿತು. ಮೂರು ವರ್ಷದಿಂದ ಅವನು ಬಂದಿಲ್ಲ, ಅವನ ಡಬ್ಬಗಳು ಮಾತ್ರ ತಪ್ಪದೆ ಬರುತ್ತವೆ.

"ಇವತ್ತೇ ಫೋನು ಮಾಡಿ ಹೇಳ್ತೇನೆ, ಇನ್ನು ಪುಡಿ ಕಳಿಸ್ಬೇಡ ಅಂತ," ಎಂದೆ.

ಅಪ್ಪ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಅವನಿಗೆ ಹೇಳುದು ಬೇಡ," ಎಂದರು.

ಮರುದಿನದಿಂದ ಮಾತ್ರೆ ನೀರಿನಲ್ಲಿ ಹೋಯಿತು. ಚೂರ್ಣ ನಿಂತಿತು. ಒಡೆಯದ ಎರಡು ಡಬ್ಬ ಕಪಾಟಿನ ಮೇಲೆ ಕೂತವು. ಕಾಯಿಲೆಯೇನೂ ಹೋಗಲಿಲ್ಲ, ಆದರೆ ದಿನವೂ ಬೆಳಿಗ್ಗೆ ಒಂದಿಷ್ಟು ಹೊತ್ತು ಅಪ್ಪನ ಕೈ ಅಪ್ಪನದೇ ಆಗುತ್ತಿತ್ತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ತಮ್ಮ ಹಳೆಯ ಪೆನ್ನು ಕೇಳಿದರು. ನಾನು ಒಲೆಯ ಹತ್ತಿರ ಕೆಲಸವಿದೆಯೆಂದು ನೆಪ ಮಾಡಿ, ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಅಕ್ಷರ ಮೊದಲಿನಷ್ಟು ದುಂಡಗಿರಲಿಲ್ಲ, ಸಾಲು ಸ್ವಲ್ಪ ವಾಲಿತ್ತು. ಆದರೂ ಅದು ಅಪ್ಪನ ಅಕ್ಷರ. ಇವತ್ತಿಗೂ ಯಾವುದಾದರೂ ಹಳೆಯ ದಸ್ತಾವೇಜು ಕಂಡರೆ ಆ ಅಕ್ಷರವನ್ನು ಹುಡುಕುತ್ತೇನೆ.

ಅಣ್ಣನಿಗೆ ಬರೆದ ಆ ಕಾಗದವನ್ನು ಕವರು ಅಂಟಿಸುವ ಮೊದಲು ಓದಿದೆ. ನಾಲ್ಕೇ ಸಾಲು.

"ನಾನು ಸೌಖ್ಯ. ನೀನು ಕಳಿಸಿದ ಪುಡಿಯಿಂದ ಬಹಳ ಗುಣವಾಗಿದೆ. ಡಬ್ಬ ಎಲ್ಲ ಮುಗಿಯಿತು. ಇನ್ನು ಯಾರ ಕೈಯಲ್ಲೂ ಕಳಿಸಬೇಡ, ನೀನೇ ತೆಗೆದುಕೊಂಡು ಬಾ."

ಸುಳ್ಳು ಬರೆಸಲು ಬಂದವರನ್ನು ಕಚೇರಿಯ ಎದುರೇ ಬೈದು ಎಬ್ಬಿಸುತ್ತಿದ್ದ ಮನುಷ್ಯ ಅವರು. ಕವರು ಅಂಟಿಸಿ ಅಂಚೆಗೆ ಹಾಕಿ ಬಂದೆ. ಆಮೇಲೆ ಕುರ್ಚಿ ಹತ್ತಿ, ಕಪಾಟಿನ ಮೇಲಿದ್ದ ಎರಡೂ ಡಬ್ಬಗಳನ್ನು ಇಳಿಸಿ ಅಕ್ಕಿ ಪೆಟ್ಟಿಗೆಯ ಹಿಂದೆ ಅಡಗಿಸಿಟ್ಟೆ. ಅಣ್ಣ ಬಂದಾಗ ಕಣ್ಣಿಗೆ ಬೀಳಬಾರದಲ್ಲ.