ಬೂಸ್ಟು ತರಿಸುತ್ತಿದ್ದ ಮೇಡಂ

ಮೊನ್ನೆ ಹಲಸಿನ ಹಪ್ಪಳದ ಡಬ್ಬ ತೆಗೆದರೆ ಗಪ್ಪೆಂದು ಬೂಸ್ಟಿನ ವಾಸನೆ. ಹಪ್ಪಳಗಳ ಮೇಲೆಲ್ಲ ಹಸಿರು ಪುಡಿ. ಬೇಸಿಗೆಯಲ್ಲಿ ಕಾಗೆ ಓಡಿಸುತ್ತ ಒಣಗಿಸಿದ್ದು. ನಿಜಕ್ಕೂ ಸಿಟ್ಟು ಬರಬೇಕಿತ್ತು. ಬಂದದ್ದು ಮೇಡಂ ನೆನಪು. ಅವರಾಗಿದ್ದರೆ "ಅಯ್ಯೋ, ಬಿಸಾಡಬೇಡ!" ಅನ್ನುತ್ತಿದ್ದರು...

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದುವಾಗ ಅವರು ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ಕೆಲವು ಬೂಸ್ಟುಗಳು ಹೊರಬಿಡುವ ಕಿಣ್ವ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ಅಂಥದ್ದೊಂದನ್ನು ಹುಡುಕಿ ಹಿಡಿಯಬೇಕೆಂಬುದು ಅವರ ಹಟ. ರಜೆಯಲ್ಲಿ ಊರಿಗೆ ಹೊರಟವರಿಗೆಲ್ಲ ಒಂದೇ ಬೇಡಿಕೆ: ಬೂಸ್ಟು ತನ್ನಿ. ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ಊರು ಮತ್ತು ಸಿಕ್ಕಿದ ಜಾಗ ಬರೆಯಬೇಕು. ಬಂಟ್ವಾಳದ ಮೀನು ಮಾರ್ಕೆಟಿನಲ್ಲಿ ಮೀನು ಕೊಯ್ಯುವ ಕಡೆಯ ಬೂಸ್ಟು ಹಿಡಿದ ಮಣ್ಣನ್ನು ನಾನು ತಂದ ದಿನ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಪರೀಕ್ಷೆಗೆ ರಕ್ತ ನಮ್ಮದೇ. ಸಣ್ಣ ನಳಿಗೆಯಲ್ಲಿ ಅದನ್ನು ಹೆಪ್ಪುಗಟ್ಟಲು ಬಿಟ್ಟು, ಬೂಸ್ಟಿನ ರಸ ಹನಿಸಿ ಕಾಯುವುದು. ಮೇಡಂ ಮಾತ್ರ ಕೈ ಚಾಚುತ್ತಿರಲಿಲ್ಲ. ಅವರಿಗೆ ಸೂಜಿಯ ಹೆದರಿಕೆ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ಜಡಿಮಳೆಯ ಆಟಿ ತಿಂಗಳಲ್ಲಿ ನಮ್ಮ ಮನೆಗಳಿಂದ ಕೆಸುವಿನೆಲೆಯ ಪತ್ರೊಡೆ ತಂದರೂ ಮುಟ್ಟುತ್ತಿರಲಿಲ್ಲ. ಜಂಬ ಇರಬೇಕು ಅಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನ್ ನಿಂತಿತು. ಎಲ್ಲರೂ ಸುಮ್ಮನೆ ನಳಿಗೆಗಳನ್ನೇ ನೋಡುತ್ತಿದ್ದಾಗ ಗಡಿಯಾರದಂತೆ ಟಿಕ್ ಟಿಕ್ ಕೇಳಿಸಿತು. ಆ ಕೋಣೆಯಲ್ಲಿ ಗಡಿಯಾರವೇ ಇರಲಿಲ್ಲ.

"ಎಂತ ಶಬ್ದ ಮೇಡಂ ಅದು?"

"ನಾನೇ ಮಾರಾಯ್ತಿ," ಎಂದರು. "ಸಣ್ಣದಿರುವಾಗ ಜ್ವರ ಬಂದು ಹೃದಯದ ವಾಲ್ವ್ ಹಾಳಾಗಿತ್ತು. ಈಗ ಉಂಟಲ್ಲ, ಅದು ಆಪರೇಷನ್ ಮಾಡಿ ಕೂರಿಸಿದ್ದು. ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ತಗೊಳ್ತೇನೆ. ಹಾಗಾಗಿ ನನ್ನ ರಕ್ತ ಇದಕ್ಕೆ ಆಗುವುದಿಲ್ಲ. ಸೊಪ್ಪು ಜಾಸ್ತಿ ತಿಂದರೆ ಮಾತ್ರೆ ಕೆಲಸ ಮಾಡುವುದಿಲ್ಲ. ನಿಮ್ಮ ಪತ್ರೊಡೆ ಮೇಲೆ ನನಗೆಂಥ ಸಿಟ್ಟಿಲ್ಲ."

ಅವರೇ ನಕ್ಕರು. ನಮಗೆ ನಗು ಬರಲಿಲ್ಲ. ಅವರು ಯಾರಿಗಾಗಿ ಹುಡುಕುತ್ತಿದ್ದಾರೆಂದು ಆಗಲೇ ನಮಗೆ ಅರ್ಥವಾದದ್ದು.

ಕೊನೆಗೆ ಗೆದ್ದದ್ದು ನನ್ನ ಮೀನು ಮಾರ್ಕೆಟಿನ ಮಣ್ಣಿನ ಬೂಸ್ಟು. ನಳಿಗೆಯ ತಳದಲ್ಲಿ ಕಚ್ಚಿಕೊಂಡಿದ್ದ ಗಡ್ಡೆ ಕರಗಿ ನೀರಾಗಿತ್ತು. ನಾವು ಕುಣಿದಾಡಿದೆವು. ಮೇಡಂ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕರಗಿಸಿತು, ಸರಿ. ಎಲ್ಲಿ ನಿಲ್ಲಿಸಬೇಕು ಅಂತ ಇದಕ್ಕೆ ಗೊತ್ತಿಲ್ಲವಲ್ಲ. ಔಷಧಿ ಆಗಲಿಕ್ಕೆ ತುಂಬಾ ವರ್ಷ ಬೇಕು. ಅಷ್ಟರವರೆಗೆ ನಾನು ಇರ್ತೇನಾ, ನೋಡುವ."

ನಾನು ಓದು ಮುಗಿಸಿ ಬಂಟ್ವಾಳದಲ್ಲಿ ಕೆಲಸಕ್ಕೆ ಸೇರಿದೆ. ಎರಡು ಮಳೆಗಾಲ ಕಳೆದಿರಬೇಕು... ಆಟಿಯಲ್ಲಿ ಮೇಡಂ ತೀರಿಕೊಂಡ ಸುದ್ದಿ ಬಂತು. ವೇಣೂರಿನ ಅವರ ಅಮ್ಮನ ಮನೆಗೆ ಹೋದೆ. ಜ್ವರ ಬಂದು ಸೊರಗಿದ್ದ ಮೇಡಂ ರಜೆ ಹಾಕಿ ಅಲ್ಲಿಗೇ ಬಂದಿದ್ದರಂತೆ. ಅಮ್ಮ ದಿನಾ ತಜಂಕ್ ಸೊಪ್ಪಿನ ಪಲ್ಯ, ಪತ್ರೊಡೆ ಮಾಡಿ ಬಡಿಸಿದ್ದರು. ಆಟಿಯ ಸೊಪ್ಪು ಔಷಧಿ ಎಂದು ನಂಬಿದ ಜೀವ. ನಮಗೆಲ್ಲ ಬೇಡವೆಂದವರಿಗೆ ಅಮ್ಮನಿಗೆ ಬೇಡವೆನ್ನಲು ಬಾಯಿ ಬರಲಿಲ್ಲವೋ ಏನೋ. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಬೆಳ್ತಂಗಡಿಗೆ ಹೋಗಿ ಮಾಡಿಸಬೇಕಿದ್ದ ರಕ್ತಪರೀಕ್ಷೆಯನ್ನೂ ಮಳೆಯೆಂದು ಮುಂದೂಡಿದ್ದರು.

ಅಮ್ಮ ನನ್ನ ಕೈ ಹಿಡಿದು ತುಳುವಿನಲ್ಲಿ ಹೇಳಿದರು: "ಅವಳ ಎದೆಯ ಆ ಶಬ್ದ ಕೇಳಿದರೆ ನನಗೆ ಯಾವಾಗಲೂ ಹೆದರಿಕೆ ಮಗಾ. ಆ ದಿನ ಬೆಳಿಗ್ಗೆ ಶಬ್ದವೇ ಇರಲಿಲ್ಲ. ದೇವರು ಕಣ್ಣು ಬಿಟ್ಟ, ಗುಣ ಆಯಿತು ಅಂದುಕೊಂಡೆ. ಮಲಗಲಿ ಅಂತ ಎಬ್ಬಿಸಲೂ ಇಲ್ಲ."

ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಉಸಿರಾಡಲು ಕಷ್ಟವಾಗಿ, ಮಂಗಳೂರಿಗೆ ಮುಟ್ಟಿಸಿದ ಮೇಲೆ ಕರಗಿಸುವ ಇಂಜೆಕ್ಷನ್ ಕೊಟ್ಟರಂತೆ, ತಡವಾಗಿತ್ತು. ಸೊಪ್ಪಿನಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರಂತೆ ಡಾಕ್ಟರು. ಆ ಶಬ್ದ ನಿಲ್ಲುವುದೆಂದರೆ ಏನೆಂದು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಿ ಆಗಬೇಕಾದ್ದೇನು? ಬಸ್ಸಿನಲ್ಲಿ ಬರುವಾಗ ಅಳು ತಡೆಯಲಾಗಲಿಲ್ಲ.

ಹೊಸ ಆಹಾರಕ್ಕೆ ಬದಲಿಸುತ್ತಿರದಿದ್ದರೆ ಬೂಸ್ಟೂ ಸಾಯುತ್ತದೆ. ಮೇಡಂ ಹೋದ ಮೇಲೆ ನಮ್ಮ ಮೀನು ಮಾರ್ಕೆಟಿನ ಬೂಸ್ಟು ನಳಿಗೆಯಲ್ಲೇ ಒಣಗಿತೆಂದು ಆಮೇಲೆ ಕೇಳಿದೆ.

ಮೊನ್ನೆ ಹಪ್ಪಳವನ್ನೆಲ್ಲ ಗುಂಡಿಗೆ ಸುರಿದು ಡಬ್ಬ ತೊಳೆದಿಟ್ಟೆ. ಕೈ ಒರೆಸಿಕೊಳ್ಳುವಾಗ ನೋಡಿದರೆ ಒಂದು ಹಪ್ಪಳವನ್ನು ಬೇರೆ ತೆಗೆದು ಕಾಗದದಲ್ಲಿ ಪೊಟ್ಟಣ ಕಟ್ಟಿದ್ದೇನೆ. ಮೇಲೆ ನನ್ನದೇ ಅಕ್ಷರ: ಬಂಟ್ವಾಳ, ಹಪ್ಪಳದ ಡಬ್ಬ. ಬರೆದಾದ ಮೇಲೆ ನೆನಪಾಯಿತು, ಕೊಡಲಿಕ್ಕೆ ಅವರಿಲ್ಲ.