ಅರ್ಧ ಭಾರದ ಕಮಾನು

ಮೂರು ವರ್ಷದ ಹಿಂದಿನ ಬೇಸಿಗೆ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಾರ್ ಶೋರೂಮ್ ಕಟ್ಟಡಕ್ಕೆ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ನನ್ನಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಸೌದೆ ಹಾಕಿ ನನ್ನನ್ನು ಓದಿಸಿದವರು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಶೋರೂಮಿನ ಮುಂದೆ, ರಸ್ತೆಯ ಉದ್ದಕ್ಕೂ, ಇಟ್ಟಿಗೆಯ ಕಮಾನು ಛಾವಣಿಯ ಒಂದು ಮೊಗಸಾಲೆ ಕಟ್ಟಿದ್ದೆವು. ಕಮಾನಿನ ಒಂದು ಕಾಲು ರಸ್ತೆಯ ಬದಿಗೆ, ನಡುನಡುವೆ ಬಾಗಿಲಗಲದ ತೆರಪು ಬಿಟ್ಟು; ಇನ್ನೊಂದು ಕಟ್ಟಡದ ಬದಿಗೆ. ಕಮಾನಿಗೆ ಆಕಾರ ಕೊಡುವುದು ಗಣಿತ. ಸರಪಳಿಯ ಎರಡು ತುದಿ ಹಿಡಿದು ಇಳಿಬಿಟ್ಟರೆ ಅದು ತನ್ನ ತೂಕಕ್ಕೆ ತಕ್ಕಂತೆ ಬಾಗುತ್ತದೆ; ಆ ವಕ್ರರೇಖೆ ಕ್ಯಾಟನರಿ. ಭಾರವನ್ನು ಅಡ್ಡಲಾಗಿ ಸಮನಾಗಿ ಹರಡಿದರೆ ಬರುವುದು ಪ್ಯಾರಾಬೊಲಾ. ಅದನ್ನು ತಲೆಕೆಳಗು ಮಾಡಿ ಇಟ್ಟಿಗೆ ಜೋಡಿಸಿದರೆ ಭಾರವೆಲ್ಲ ಇಟ್ಟಿಗೆಯೊಳಗೇ ಇಳಿದು ಬುಡ ಸೇರುತ್ತದೆ. ನಮ್ಮದು ಪ್ಯಾರಾಬೊಲಾ. ಮೇಲೆ ಒಂದೇ ಸಮನೆ ಹೆಂಚು ಹಾಸುವ ಲೆಕ್ಕದಲ್ಲಿ ಮಾಡಿದ್ದು.

ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗಿನ ಕೆಲಸಕ್ಕೆ ಕಾನೂನಿನ ನಿಷೇಧ. ಸಬ್ಹಾನಿನ ಲೇಬರ್ ಕ್ಯಾಂಪಿಗೆ ಹೋಗಿ ಬರುವಷ್ಟರಲ್ಲಿ ಬಿಡುವು ಮುಗಿಯುತ್ತದೆಂದು ನಮ್ಮ ಹುಡುಗರು ಸೈಟಿನಲ್ಲೇ ಉಳಿಯುತ್ತಿದ್ದರು. ಸೈಟಿನಲ್ಲಿದ್ದ ನೆರಳು ಒಂದೇ, ಆ ಕಮಾನು. ಅದರ ಅಡಿಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗುತ್ತಿದ್ದರು.

ಆ ದಿನ ಬೆಳಿಗ್ಗೆ ಕ್ರೇನ್ ಬಂದಿತ್ತು. ನಿಷೇಧದ ಹೊತ್ತಿಗೆ ಮೊದಲು ಮುಗಿಸುವ ಆತುರ. ಅದರ ತೋಳು ಕಟ್ಟಡದ ಬದಿಗೆ ಎಟುಕಲಿಲ್ಲ. ಹೆಂಚಿನ ಕಟ್ಟುಗಳನ್ನೆಲ್ಲ ಕಮಾನಿನ ಮೇಲೆ ಕಟ್ಟಿದ್ದ ಹಲಗೆಯ ಅಟ್ಟಣಿಗೆಯಲ್ಲಿ, ರಸ್ತೆಯ ಬದಿಗೇ ಪೇರಿಸಿ ಹೋಯಿತು. ಉಳಿದ ಅರ್ಧಕ್ಕೆ ಸಂಜೆ ಕೈಯಲ್ಲೇ ಸಾಗಿಸುವುದು ಎಂದಿತ್ತು.

ಮಧ್ಯಾಹ್ನ ನಾನು ಬುತ್ತಿ ತೆಗೆಯುವಾಗ ರಸ್ತೆಯ ಬದಿಗೆ ಮಲಗಿದ್ದವನೊಬ್ಬ ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಒರೆಸಿಕೊಂಡ. ಕುವೈತಿನಲ್ಲಿ ಧೂಳು ಬಿದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ಅಂದು ಗಾಳಿಯೇ ಇರಲಿಲ್ಲ.

ಮೇಲೆ ನೋಡಿದೆ. ಹೆಂಚು ಪೇರಿಸಿದ ಜಾಗದ ನೇರ ಕೆಳಗೆ ಗಾರೆಯಲ್ಲಿ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಏಣಿ ಹತ್ತಿದರೆ ಕಟ್ಟಡದ ಬದಿಯ ಮೇಲ್ಮೈಯಲ್ಲಿ ಇನ್ನೊಂದು. ಇಳಿದು ಹೊರಗೆ ಸುತ್ತಿ ಬಂದರೆ ರಸ್ತೆಯ ಬದಿಯ ಬುಡದಲ್ಲಿ ಮೂರನೆಯದು. ಅಂಥ ಪ್ರತಿ ಬಿರುಕೂ ಬಾಗಿಲಿನ ತಿರುಗಣಿಯಂತೆ. ಅಲ್ಲಿ ಕಮಾನು ಮಡಚಿಕೊಳ್ಳಬಹುದು. ಮೂರಿದ್ದರೂ ನಿಲ್ಲುತ್ತದೆ. ನಾಲ್ಕನೆಯದು ತೆರೆದರೆ ನಿಲ್ಲುವುದಿಲ್ಲ. ಅದು ಬರಬೇಕಾದ ಜಾಗವೂ ನನಗೆ ಗೊತ್ತಿತ್ತು: ಕಟ್ಟಡದ ಬದಿಯ ಬುಡ, ಒಳಗಡೆ. ಹೆಚ್ಚಿನ ಹುಡುಗರು ತಲೆಯಿಟ್ಟು ಮಲಗಿದ್ದುದು ಅಲ್ಲೇ.

ಮಿರ್ಕಾಬಿನ ಆಫೀಸಿನಲ್ಲಿದ್ದ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಪಿಂಟೊ ಅವರಿಗೆ ಫೋನ್ ಮಾಡಿದೆ.

"ಡಿಸೈನ್ ಲೋಡಿನ ಅರ್ಧ ಕೂಡ ಇಲ್ಲ ಮಾರಾಯಾ, ಯಾಕೆ ಪ್ಯಾನಿಕ್ ಮಾಡ್ತೀ?"

"ಅರ್ಧ ಇರೋದೇ ತೊಂದರೆ ಸರ್. ಎಲ್ಲ ಒಂದೇ ಕಡೆ ಕೂತಿದೆ."

"ಸಂಜೆ ಶಿಫ್ಟ್ ಮಾಡಿಸು. ಈಗ ಅವರನ್ನ ಬಿಸಿಲಿಗೆ ಹಾಕಿದ್ರೆ ಇನ್‌ಸ್ಪೆಕ್ಷನ್‌ನವರು ನನ್ನ ಕುತ್ತಿಗೆಗೆ ಬರ್ತಾರೆ." ಫೋನ್ ಇಟ್ಟರು.

ಫೋರ್‌ಮನ್ ಹಮೀದ್ ಉಳ್ಳಾಲದ ಬ್ಯಾರಿ, ವಯಸ್ಸಿನಲ್ಲಿ ಹಿರಿಯರು, ನನಗೆ ಹಮೀದಾಕ. ಅವರನ್ನು ಎಬ್ಬಿಸಿದೆ.

"ಎಂತ ಸಾರ್? ಡಿಗ್ರಿ ಮಾಡಿದವರಿಗೆ ನಿದ್ದೆ ಬರುದಿಲ್ಲ, ನಮಗೂ ಬಿಡುದಿಲ್ಲ."

"ಎಲ್ಲರನ್ನೂ ಹೊರಗೆ ಕಳಿಸಿ."

"ಈ ಬಿಸಿಲಿಗಾ? ಇವರೆಂತ ಹಪ್ಪಳವಾ ಒಣಗಲಿಕ್ಕೆ?"

ವಾದಕ್ಕೆ ಸಮಯವಿರಲಿಲ್ಲ. ಗೇಟಿನ ಸರಪಳಿ ತಂದು ಒಂದು ತುದಿ ಅವರ ಕೈಗೆ ಕೊಟ್ಟೆ, ಇನ್ನೊಂದು ನಾನು ಹಿಡಿದೆ. ಅಂದವಾಗಿ ಬಾಗಿ ನಿಂತಿತು. "ಇದು ನಮ್ಮ ಕಮಾನು, ತಲೆಕೆಳಗಾಗಿ," ಎಂದೆ. ಆಮೇಲೆ ಅವರ ಬದಿಯ ಕೊಂಡಿಯೊಂದಕ್ಕೆ ಗೇಟಿನ ಬೀಗ ಸಿಕ್ಕಿಸಿದೆ. ಸರಪಳಿ ಅಲ್ಲಿ ಜಗ್ಗಿ ನನ್ನ ಬದಿಗೆ ಬಿಗಿದು ನೆಟ್ಟಗಾಯಿತು. "ಇದು ಹೆಂಚು. ಸರಪಳಿ ಬಳುಕುತ್ತದೆ, ಆಕಾರ ಬದಲಿಸುತ್ತದೆ. ಇಟ್ಟಿಗೆಗೆ ಅದು ಬರುವುದಿಲ್ಲ ಹಮೀದಾಕ."

ಅವರು ಸರಪಳಿ ನೋಡಿದರು, ಮೇಲೆ ನೋಡಿದರು. ಆಮೇಲೆ ಕಿರುಚಿದ್ದು ಇಡೀ ಬೀದಿಗೆ ಕೇಳಿರಬೇಕು. "ಯಲ್ಲಾ! ಚಲೋ ಭಾಯಿ, ಬಾಹರ್! ಚಾಪೆ ಬಿಡಿ, ಎಲ್ಲ ಬಿಡಿ!"

ಹುಡುಗರು ಬೈದುಕೊಳ್ಳುತ್ತ ಎದ್ದರು. ಒಬ್ಬ ಬೆಂಗಾಲಿ ಮೇಸ್ತ್ರಿಯಂತೂ ನನ್ನ ಮುಖಕ್ಕೇ ಏನೋ ಅಂದ. ಎದುರಿನ ಗ್ಯಾರೇಜಿನ ತಗಡಿನಡಿ ಎಲ್ಲರನ್ನೂ ತುರುಕಿದೆವು. ಕಮಾನಿನ ಕಡೆ ಯಾರೂ ಹೋಗದಂತೆ ಹಗ್ಗ ಕಟ್ಟಿದೆವು. ಗ್ಯಾರೇಜಿನವರು ನಗುತ್ತಿದ್ದರು. ಕಮಾನು ಗಟ್ಟಿಯಾಗಿ ನಿಂತೇ ಇತ್ತು. ತುಂಬ ಹೊತ್ತು ಹಾಗೇ ನಿಂತಿತ್ತು. ನನ್ನ ಲೆಕ್ಕದ ಬಗ್ಗೆ ನನಗೇ ಅನುಮಾನ ಹುಟ್ಟುವಷ್ಟು.

"ನೀರಿನ ಕ್ಯಾನ್ ಅಲ್ಲೇ ಉಂಟು ಸಾರ್, ತರ್ತೇನೆ," ಎಂದು ಹಮೀದಾಕ ಹಗ್ಗ ಎತ್ತಿದರು. ಕ್ಯಾನ್ ಇದ್ದುದು ಕಟ್ಟಡದ ಬದಿಯ ಬುಡದಲ್ಲಿ. ನಾನು ಅದನ್ನೇ ನೋಡುತ್ತಿದ್ದೆ. ಅದರ ಹಿಂದೆ, ಕಮಾನಿನ ಕಾಲಿನಲ್ಲಿ, ಒಂದು ಕಪ್ಪು ಗೆರೆ ನಿಧಾನಕ್ಕೆ ಬಾಯಿ ಬಿಟ್ಟಿತು.

ಅವರ ಅಂಗಿ ಹಿಡಿದು ಎಳೆದೆ. ಕಮಾನು ರಸ್ತೆಯ ಬದಿಗೆ ಕುಸಿದು, ಕಟ್ಟಡದ ಬದಿಗೆ ಉಬ್ಬಿ, ಮಂಡಿಯೂರುವ ಹಾಗೆ ಮಡಚಿಕೊಂಡಿತು. ಧೂಳು ಇಳಿದ ಮೇಲೆ ಇಟ್ಟಿಗೆ ರಾಶಿಯ ಅಂಚಿನಲ್ಲಿ ಒಂದು ಚಾಪೆಯ ತುದಿ ಮಾತ್ರ ಕಾಣುತ್ತಿತ್ತು. ನನಗೆ ಬೈದಿದ್ದ ಮೇಸ್ತ್ರಿ ಅದು ತನ್ನದೆಂದು ಯಾರಿಗೋ ಮೆಲ್ಲಗೆ ಹೇಳಿದ.

ಕಮಾನು ಎಷ್ಟು ಭಾರ ತಡೆಯುತ್ತದೆ ಎಂದು ಕಾಲೇಜು ಕಲಿಸಿತ್ತು. ಭಾರ ಎಲ್ಲಿ ಕೂತಿದೆ, ಅದರಡಿ ಯಾರು ಮಲಗಿದ್ದಾರೆ ಎಂದು ಕೇಳುವುದನ್ನು ಕೆಲಸ ಕಲಿಸಿತು. ಈಗ ಬೇರೆ ಸೈಟು, ಅದೇ ಹಮೀದಾಕ. ಹನ್ನೊಂದಾಗುತ್ತಲೇ ಚಾಪೆ ಸುತ್ತಿಕೊಂಡು ನನ್ನೆದುರು ಬಂದು ನಿಲ್ಲುತ್ತಾರೆ.

"ಸಾರ್, ಇವತ್ತು ಎಲ್ಲಿ ಮಲಗುದು?"

ಉತ್ತರಿಸುವ ಮೊದಲು ನಾನು ಏಣಿ ಹತ್ತಿ ಮೇಲೆ ನೋಡಿ ಬರುತ್ತೇನೆ. ಅಲ್ಲಿಯವರೆಗೆ ಅವರು ಬಿಸಿಲಲ್ಲೇ ಕಾಯುತ್ತಾರೆ.