ಧಾರವಾಡದ ನಿವೃತ್ತ ಹೆಡ್ ಮಾಸ್ತರು ಬರೆದ ಕಮೆಂಟು

ಅರಿಷಡ್ವರ್ಗಗಳಲ್ಲಿ ಮಾತ್ಸರ್ಯವನ್ನು ನಮ್ಮ ಹಿರಿಯರು ಕಟ್ಟಕಡೆಗೆ ಎಣಿಸಿದ್ದಾರೆ. ಅದು ಮನುಷ್ಯನನ್ನು ಬಹಳ ನಿಧಾನವಾಗಿ, ವರ್ಷಗಟ್ಟಲೆ ಕೂತು ತಿನ್ನುತ್ತದೆ ಎಂಬ ಕಾರಣಕ್ಕೆ ಇರಬೇಕು. ನನ್ನ ವಿಷಯದಲ್ಲಿ ಅದಕ್ಕೆ ಎರಡು ವಾರ ಸಾಕಾಯಿತು. ನೇರವಾಗಿ ಹೇಳಿಬಿಡುತ್ತೇನೆ — ನಮ್ಮ ಶಾಲೆಯ ಮಕ್ಕಳ ಬ್ಲಾಗಿಗೆ ‘ನಿವೃತ್ತ ಹೆಡ್ ಮಾಸ್ತರು, ಧಾರವಾಡ’ ಎಂಬ ಹೆಸರಿನಲ್ಲಿ ಕಮೆಂಟು ಬರೆದವನು ನಾನು. ಅಂಥ ಹೆಡ್ ಮಾಸ್ತರು ಯಾರೂ ಇರಲಿಲ್ಲ. ಇದ್ದವನು ನಾನೊಬ್ಬನೇ — ಅದೇ ಶಾಲೆಯ, ಪಕ್ಕದ ಕೋಣೆಯ ಇಂಗ್ಲಿಷ್ ಮಾಸ್ತರ.

ಮುರಗೋಡದ ಕಡೆಯ ಒಂದು ಪ್ರೌಢಶಾಲೆ ಅದು. ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ನಾನು ಅಲ್ಲಿ ಇಂಗ್ಲಿಷ್ ಕಲಿಸಲು ಹತ್ತಿ ಇಪ್ಪತ್ತೆರಡು ವರ್ಷ. ‘ವೈದ್ಯರು ಬರುವ ಮೊದಲೇ ರೋಗಿ ಸತ್ತಿದ್ದನು’ ಎಂಬ ವಾಕ್ಯವನ್ನು ಭಾಷಾಂತರಕ್ಕೆ ಕೊಡುವುದು ನನ್ನ ಪದ್ಧತಿ. ಆ ರೋಗಿಯನ್ನು ನಾನು ಇಪ್ಪತ್ತೆರಡು ಸಲ ಕೊಂದಿದ್ದೇನೆ. ಒಂದು ಮಗುವೂ ಅವನಿಗೆ ಏನಾಗಿತ್ತೆಂದು ಕೇಳಲಿಲ್ಲ.

ಆ ವರ್ಷ ಹತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸಲು ಬೈಲಹೊಂಗಲದಿಂದ ಶಮೀಮ ಅಕ್ಕೋರು ಬಂದರು — ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. ವಯಸ್ಸಿನಲ್ಲಿ ನನ್ನ ಅರ್ಧ. ಅವರು ಹತ್ತನೆಯ ತರಗತಿಯ ಪ್ರತಿ ಮಗುವಿಗೂ ವಾರಕ್ಕೊಂದು ಚೀಟಿ ಕೊಡುತ್ತಿದ್ದರು. ಚೀಟಿಯಲ್ಲಿ ಇಂಗ್ಲಿಷಿನ ಒಂದು ಮಾತು. ವಾರವಿಡೀ, ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಎಲ್ಲಿ ಹೊಂದುತ್ತದೋ ಅಲ್ಲಿ ಅದನ್ನು ಆಡಲೇಬೇಕು. ಹುಡುಗರು ರಸ್ತೆಗೆ ಅಡ್ಡ ನಿಂತ ಎಮ್ಮೆಗೆ ‘ಎಕ್ಸ್‌ಕ್ಯೂಜ್ ಮಿ ಪ್ಲೀಜ್’ ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಮ್ಮೆ ಸರಿಯಿತು. ನನ್ನ ವ್ಯಾಕರಣಕ್ಕೆ ಅಷ್ಟು ಸರಿದವರು ಯಾರೂ ಇರಲಿಲ್ಲ.

ಆಮೇಲೆ ಬ್ಲಾಗು. ಮಕ್ಕಳು ಹಾಳೆಯ ಮೇಲೆ ಬರೆದದ್ದನ್ನು ಅಕ್ಕೋರು ಶನಿವಾರ ಬೈಲಹೊಂಗಲಕ್ಕೆ ಒಯ್ದು, ಸೈಬರ್ ಕೆಫೆಯಲ್ಲಿ ಕೂತು ಟೈಪು ಮಾಡಿ ಹಾಕುತ್ತಿದ್ದರು. ಓದಿದವರು ಬರೆದ ಕಮೆಂಟುಗಳನ್ನು ಭಾನುವಾರ ಸಂಜೆ ಅವರು ಹಾಳೆಗೆ ಪ್ರಿಂಟು ತೆಗೆಸಿ ತರುತ್ತಿದ್ದರು; ಸೋಮವಾರ ಕ್ಲಾಸಿನ ಲೀಡರ್ ಅವನ್ನು ಕರಿಹಲಗೆಯ ಮೇಲೆ ಇಳಿಸಬೇಕು. ಬರಹ ಯಾರದೋ ಅವರೇ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿ, ಇಂಗ್ಲಿಷಿನಲ್ಲೇ ಉತ್ತರ ಹೇಳಬೇಕು. ಅದು ಆ ಕ್ಲಾಸಿನ ನೇಮ.

ಇಷ್ಟನ್ನೂ ನಾನು ತಡೆದುಕೊಂಡೆ. ತಡೆಯಲಾಗದ್ದು ಮಹಾದೇವಿಯ ದನಿ.

ಮಹಾದೇವಿ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಆ ಎರಡು ವರ್ಷ ಅವಳ ಬಾಯಿಂದ ಹಾಜರಿಯ ‘ಎಸ್ ಸರ್’ ಬಿಟ್ಟರೆ ನಾನು ಒಂದು ಮಾತೂ ಕೇಳಿರಲಿಲ್ಲ. ಮಂದ ಹುಡುಗಿ ಎಂದು ತೀರ್ಮಾನಿಸಿ, ಆ ತೀರ್ಮಾನದಲ್ಲಿ ಸುಖವಾಗಿದ್ದೆ. ಹತ್ತನೆಯ ತರಗತಿಗೆ ಹೋದ ಎರಡು ತಿಂಗಳಿಗೆ, ನಡುವಿನ ಹಲಗೆಗೋಡೆಯ ಆಚೆಯಿಂದ ಅವಳ ದನಿ ಕೇಳಿತು — ಇಂಗ್ಲಿಷಿನಲ್ಲಿ, ತಡವರಿಸುತ್ತ, ಆದರೆ ನಗುತ್ತ. ನನ್ನ ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಮುಂದೆ ಬಾಯಿ ಬಿಡದವಳು, ನಿನ್ನೆ ಮೊನ್ನೆ ಬಂದವರ ಮುಂದೆ...

ಮುಂದಿನ ಭಾನುವಾರ, ಕನ್ನಡಕ ರಿಪೇರಿಗೆಂದು ಮನೆಯಲ್ಲಿ ಹೇಳಿ ಬೈಲಹೊಂಗಲದ ಬಸ್ಸು ಹತ್ತಿದೆ. ಕನ್ನಡಕ ಚೆನ್ನಾಗಿಯೇ ಇತ್ತು. ಸೈಬರಿನಲ್ಲಿ ಕೂತು ಮಹಾದೇವಿಯ ಬರಹ ತೆಗೆದೆ. ಅವರ ಮನೆ ರಸ್ತೆಗೆ ಹತ್ತಿಕೊಂಡಿದೆಯಂತೆ. ಹಾರ್ನ್ ಕೇಳಿಯೇ ಅಜ್ಜಿ ಇದು ಸವದತ್ತಿ ಬಸ್ಸು, ಇದು ರಾಮದುರ್ಗದ್ದು ಎಂದು ಹೇಳುತ್ತಿದ್ದಳಂತೆ. ಈಗ ಅಜ್ಜಿಗೆ ಕಿವಿ ಕೇಳುವುದಿಲ್ಲ. ಬಸ್ಸು ಬಂದಾಗ ಮೊಮ್ಮಗಳು ಅಂಗೈಯ ಮೇಲೆ ಒಂದು ಸಲ ತಟ್ಟಿದರೆ ಸವದತ್ತಿ, ಎರಡು ಸಲ ತಟ್ಟಿದರೆ ರಾಮದುರ್ಗ. ಇಷ್ಟೇ.

ಮೂರು ಸಲ ಓದಿದೆ. ತಪ್ಪುಗಳಿದ್ದವು. ಆದರೆ ಬರಹ ಚೆನ್ನಾಗಿತ್ತು — ಇದನ್ನು ನಾನು ತಿಳಿಯದೆ ಮಾಡಿದೆನೆಂದು ಯಾರೂ ಅಂದುಕೊಳ್ಳಬಾರದು. ಚೆನ್ನಾಗಿದೆ ಎಂದು ತಿಳಿದಮೇಲೆಯೇ ಬರೆಯಲು ಕೂತೆ. ಜೂನಿಯರ್ ಟೈಪಿಂಗ್ ಪಾಸಾದವನು ನಾನು; ಐದು ನಿಮಿಷವೂ ಹಿಡಿಯಲಿಲ್ಲ. ಬರೆದದ್ದರ ಸಾರ ಇದು: ‘ಓದಿ ದುಃಖವಾಯಿತು. ಇದು ಇಂಗ್ಲಿಷ್ ಅಲ್ಲ, ಕೋಟು ತೊಟ್ಟ ಕನ್ನಡ. ಅಜ್ಜಿಯನ್ನು ಜಗತ್ತಿಗೆ ತೋರಿಸುವ ಮೊದಲು ಈ ಹುಡುಗಿ ನಾಲ್ಕು ವಾಕ್ಯ ಕಲಿಯಲಿ. ಅವಳ ಶಿಕ್ಷಕಿಯೂ ಕಲಿಯಲಿ.’ ಕೋಟಿನ ಮಾತು ನನಗೆ ಬಹಳ ಹಿಡಿಸಿತು. ಮರಳಿ ಬರುವಾಗ ಬಸ್ಸಿನಲ್ಲಿ ಒಬ್ಬನೇ ಎರಡು ಸಲ ನಕ್ಕೆ.

ಸೋಮವಾರ ಬಂತು. ಅದುವರೆಗೆ ಹೊಗಳಿಕೆಯಲ್ಲದೆ ಬೇರೇನೂ ಬಂದಿರದ ಕಾರಣ, ಅಕ್ಕೋರು ಕಮೆಂಟಿನ ಹಾಳೆಯನ್ನು ಓದದೆಯೇ ಲೀಡರನ ಕೈಗೆ ಕೊಟ್ಟಿದ್ದರು. ಅವನು ನಂಬಿಕೆಯಿಂದ ಅಷ್ಟನ್ನೂ ಹಲಗೆಗೆ ಇಳಿಸಿದ. ನೇಮದಂತೆ ಮಹಾದೇವಿ ಎದ್ದು ಓದತೊಡಗಿದಳು. ಗೋಡೆಯ ಈಚೆ ನಾನು ರೋಗಿಯನ್ನು ಸಾಯಿಸುವುದು ಬಿಟ್ಟು ಕೇಳುತ್ತ ನಿಂತೆ. ಕೋಟಿನ ಮಾತಿಗೆ ಕ್ಲಾಸು ನಕ್ಕಿತು — ನಗಲೆಂದೇ ಬರೆದದ್ದಲ್ಲವೇ. ‘ಅಜ್ಜಿ’ ಎಂಬಲ್ಲಿಗೆ ಬಂದು ದನಿ ನಿಂತಿತು. ಅಕ್ಕೋರು ಏನೋ ಹೇಳಿದರು, ಹಲಗೆ ಒರೆಸಿದರು. ಆ ದನಿ ಮಾತ್ರ ಮತ್ತೆ ಕೇಳಲಿಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅಕ್ಕೋರು ಆ ಹಾಳೆ ಹಿಡಿದು ನನ್ನ ಹತ್ತಿರ ಬಂದರು.

“ಸರ್, ನೀವು ಹಿರ್ಯಾರದೀರಿ. ಇವ್ರು ಬರದದ್ದು ಖರೇನ್ರಿ?”

ತಿದ್ದಿಕೊಳ್ಳಲು ಒಂದು ಅವಕಾಶ ಎದುರಿಗೇ ಬಂದು ನಿಂತಿತ್ತು. ನಾನು ಕನ್ನಡಕ ತೆಗೆದು ಒರೆಸಿದೆ.

“ಖರೇ ಐತ್ರಿ ಅಕ್ಕೋರ. ಅಂಥಾ ಹಿರ್ಯಾರ ಬಾಯಿಗೆ ಬೀಳೂದ್ಯಾಕ? ಬ್ಲಾಗ್ ಬಂದ್ ಮಾಡಿಬಿಡ್ರಿ.”

“ಆ ಹುಡುಗಿ ಈಗೀಗ ಮಾತಾಡಾಕ ಹತ್ತಿದ್ಲರಿ, ಸರ್.”

“ಪರೀಕ್ಷಾದಾಗ ಮಾತು ಕೇಳೂದಿಲ್ರಿ. ಬರಿಯೂದು ಕೇಳತಾರ.”

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು. ಆ ಶನಿವಾರ ಏನೂ ಟೈಪು ಮಾಡಲಿಲ್ಲ. ಚೀಟಿಗಳೂ ದೀಪಾವಳಿಯ ಹೊತ್ತಿಗೆ ನಿಂತವು. ಮರುವರ್ಷ ಅವರು ಬೇರೆ ಶಾಲೆಗೆ ಹೋದರು. ನಾವು ಅವರಿಗೆ ಶಾಲು ಹೊದಿಸಿದೆವು. ಹಿರಿಯನೆಂದು ನಾಲ್ಕು ಮಾತಾಡಿದವನೂ ನಾನೇ.

ನಿವೃತ್ತನಾಗಿ ಇಷ್ಟು ವರ್ಷಗಳ ಮೇಲೆ, ಕಳೆದ ತಿಂಗಳು ಅಕ್ಕೋರಿಗೆ ಪತ್ರ ಬರೆದು ಎಲ್ಲವನ್ನೂ ಒಪ್ಪಿಕೊಂಡೆ. ಮರುಟಪಾಲಿಗೆ ಒಂದೇ ಸಾಲಿನ ಉತ್ತರ: ‘ಮಹಾದೇವಿಗೆ ಹೇಳಿದಿರಾ ಸರ್?’

ಹೇಳಿರಲಿಲ್ಲ. ಅವಳು ಈಗ ನೇಸರಗಿಯಲ್ಲಿದ್ದಾಳೆ; ಹುಡುಕಿಕೊಂಡು ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಕಂಡ ಕೂಡಲೇ ಎದ್ದಳು. “ಬರ್ರಿ ಸರ, ಕುಂಡ್ರಿ. ನನ್ನ ನೆನಪೈತೇನ್ರಿ ನಿಮಗ?” ನಾನು ನಿಂತೇ ಹೇಳಿದೆ — ಕೂತರೆ ಹೇಳಲಾರೆನೇನೋ ಎನಿಸಿತ್ತು. ಅವಳು ಹೊಲಿಯುತ್ತಿದ್ದ ಅರಿವೆಯನ್ನು ನೋಡುತ್ತಲೇ ಕೇಳಿಸಿಕೊಂಡಳು.

“ಹಂಗಾರ ಆ ಹೆಡ್ ಮಾಸ್ತರು ಇರಲೇ ಇಲ್ಲೇನ್ರಿ?”

“ಇಲ್ಲವಾ.”

“ನಾ ಧಾರವಾಡಕ್ಕ ಹೋದಾಗೊಮ್ಮೆ, ಕೋಟ್ ಹಾಕ್ಕೊಂಡ ಮುದುಕ್ರನ್ನ ಕಂಡ್ರ ಆಚಿ ಕಡಿ ದಾಟಿ ಹೋಗತಿದ್ನಿರಿ. ಇವ್ರ ಇರಬೇಕು ಅಂತ.” ನಕ್ಕಳು. ಆಮೇಲೆ, “ಚಾ ಮಾಡ್ತೇನಿ ತಡೀರಿ,” ಎಂದು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಕ್ಷಮಿಸು ಎಂದು ಕೇಳಲು ಹೋಗಿದ್ದೆ. ಚಹಾ ಕುಡಿದೆ, ಕೇಳಲಿಲ್ಲ. ಕೇಳಿದ್ದರೆ ಹಿರಿಯರೆಂದು ಕ್ಷಮೆ ಕೊಟ್ಟುಬಿಡುತ್ತಿದ್ದಳು. ಬದಲಿಗೆ, ಮಗನ ಶಾಲೆ ಯಾವುದೆಂದು ಕೇಳಿದೆ. ಹೇಳಿದಳು.

ಆ ಶಾಲೆಯ ಪಾಲಕರ ಸಭೆಗೆ ಅವಳು ಹೋಗುವುದಿಲ್ಲ. ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆಂದು ಗಂಡನನ್ನು ಕಳಿಸುತ್ತಾಳೆ.